ಹಡಗು ಹತ್ತುವ ಮುನ್ನ ಲಸಿಕೆ: ‘ಬೇಕು’ ಅಂದವರು ಯಾರು?

ಮಾರಾಟದ ಗುರಿ ಮುಟ್ಟಿದ ಬೀಜ–ಗೊಬ್ಬರದ ಡೀಲರ್‌ಗಳನ್ನು ಕಂಪನಿಗಳು ಸಿಂಗಪುರಕ್ಕೋ ಥಾಯ್ಲೆಂಡಿಗೋ ಕರೆದೊಯ್ಯುವುದು ರಾಯಚೂರು, ಸಿಂಧನೂರು ಕಡೆ ಹೊಸದಲ್ಲ. ಆ ಪ್ಯಾಕೇಜಿನೊಳಗೆ ಈಗ ಎರಡು–ಮೂರು ರಾತ್ರಿಯ ಕ್ರೂಸ್ ಕೂಡ ಸೇರಿಕೊಳ್ಳುತ್ತಿದೆ. ಗಂಗಾವತಿಯ ರೈಸ್‌ಮಿಲ್ ಕುಟುಂಬಗಳು, ಬಳ್ಳಾರಿಯ ಜೀನ್ಸ್ ವ್ಯಾಪಾರಿಗಳು ಚಳಿಗಾಲದಲ್ಲಿ ದುಬೈ ಕಡೆಯ ಹಡಗು ಹಿಡಿಯುತ್ತಾರೆ. ಅಮೆರಿಕದಲ್ಲಿ ಕೆಲಸಕ್ಕಿರುವ ಮಕ್ಕಳು ಊರಿನ ತಂದೆ–ತಾಯಿಯನ್ನು ಕರೆಸಿಕೊಂಡು ಕೆರಿಬಿಯನ್ ಸಮುದ್ರ ಸುತ್ತಿಸುತ್ತಾರೆ.

ಗೊಂದಲ ಶುರುವಾಗುವುದು ಟಿಕೆಟ್ ಆದ ಮೇಲೆ. ‘ಕ್ರೂಸ್ ಹಡಗಿನಲ್ಲಿ ನೂರಾರು ಜನಕ್ಕೆ ವಾಂತಿ–ಭೇದಿ’ ಎಂದು ಟಿವಿ ಹೇಳುತ್ತದೆ. ‘ಯಾವ ಲಸಿಕೆನೂ ಬೇಡ ಸರ್, ಅದೆಲ್ಲ ಕೋವಿಡ್ ಕಾಲಕ್ಕೆ ಮುಗೀತು’ ಎಂದು ಟ್ರಾವೆಲ್ಸ್‌ನವರು ಹೇಳುತ್ತಾರೆ. ‘ಫ್ಲೂ ಇಂಜೆಕ್ಷನ್ ಮಾಡಿಸ್ಕೊಂಡೇ ಬರ್ರಿ’ ಎಂದು ಮಗಳು ಫೋನಿನಲ್ಲಿ ಹಟ ಹಿಡಿಯುತ್ತಾಳೆ. ‘ಲಸಿಕೆ ಹಾಕಿಸಿಕೊಂಡವರಿಗೇ ಹೃದಯಾಘಾತ’ ಎಂಬ ವಾಟ್ಸ್‌ಆ್ಯಪ್ ಸಂದೇಶ ಇವೆಲ್ಲದರ ನಡುವೆ ಬಂದು ಬೀಳುತ್ತದೆ.

ಇವು ನಾಲ್ಕು ಉತ್ತರಗಳಂತೆ ಕಂಡರೂ ನಾಲ್ಕು ಬೇರೆ ಪ್ರಶ್ನೆಗಳ ಉತ್ತರಗಳು.

ಒಂದು ಪದ, ಮೂರು ಬಾಯಿ

‘ಲಸಿಕೆ ಬೇಕು’ ಎಂದು ಹೇಳಬಲ್ಲವರು ಮೂವರು. ಮೊದಲನೆಯದು ದೇಶ. ಅದರ ಮಾತು ಕಾನೂನು; ಮೀರಿದರೆ ಗಡಿಯಲ್ಲಿ ತಡೆಯುತ್ತದೆ, ಇಲ್ಲವೇ ಕ್ವಾರಂಟೈನ್‌ಗೆ ಹಾಕುತ್ತದೆ. ಎರಡನೆಯದು ಹಡಗಿನ ಕಂಪನಿ. ಅದರ ಮಾತು ಟಿಕೆಟ್ಟಿನ ಷರತ್ತು. ಮೀರಿದರೆ ಬಂದರಿನಲ್ಲೇ ಬಿಟ್ಟು ಹೋಗುತ್ತದೆ, ಹಣವೂ ಸಾಮಾನ್ಯವಾಗಿ ವಾಪಸ್ ಬರುವುದಿಲ್ಲ. ಮೂರನೆಯವರು ವೈದ್ಯರು. ಅವರದು ಸಲಹೆ, ಮೀರಿದರೆ ಯಾರೂ ತಡೆಯುವುದಿಲ್ಲ, ಅನುಭವಿಸುವುದು ಮೈ.

ಟ್ರಾವೆಲ್ಸ್‌ನವರು ‘ಬೇಡ’ ಎಂದಾಗ ಬಹುತೇಕ ಎರಡನೆಯದನ್ನಷ್ಟೇ ನೋಡಿರುತ್ತಾರೆ. ಕಂಪನಿ ಕೇಳುತ್ತಿಲ್ಲ ಎಂಬುದು ನಿಜ. ಆದರೆ ಹಡಗು ಮುಟ್ಟುವ ಬಂದರುಗಳು ಯಾವ ದೇಶದವು, ಅಲ್ಲಿಂದ ವಾಪಸ್ ಬರುವಾಗ ನಮ್ಮದೇ ದೇಶ ಏನು ಕೇಳುತ್ತದೆ ಎಂಬುದು ಅವರ ಪಟ್ಟಿಯಲ್ಲಿ ಇರುವುದು ಕಡಿಮೆ.

ದೇಶದ ‘ಬೇಕು’ ಎಷ್ಟು ಗಟ್ಟಿ ಎಂಬುದು ಈ ಭಾಗಕ್ಕೆ ಹೊಸ ಸಂಗತಿಯಲ್ಲ. ಹಜ್‌ಗೆ ಹೊರಟವರಿಗೆಲ್ಲ ಮೆನಿಂಜೈಟಿಸ್ (ಮೆದುಳಿನ ಪೊರೆಯ ಉರಿಯೂತ) ಲಸಿಕೆ ಹಾಕಲೇಬೇಕು, ಅದೂ ಸೌದಿ ತಲುಪುವ ಕನಿಷ್ಠ 10 ದಿನ ಮೊದಲು. 2000 ಮತ್ತು 2001ರಲ್ಲಿ ಯಾತ್ರಿಗಳ ನಡುವೆ ಆ ರೋಗ ಹಬ್ಬಿದ ಮೇಲೆ ನಾಲ್ಕು ಬಗೆಯ ಬ್ಯಾಕ್ಟೀರಿಯಾಕ್ಕೂ ರಕ್ಷಣೆ ಕೊಡುವ ಲಸಿಕೆಯನ್ನೇ ಸೌದಿ ಕಡ್ಡಾಯ ಮಾಡಿತು. ಅಲ್ಲಿ ಯಾರೂ ವಾದಕ್ಕೆ ನಿಲ್ಲುವುದಿಲ್ಲ. ಯಾಕೆ, ಯಾವಾಗ, ಎಷ್ಟು ದಿನ ಮೊದಲು ಎಂಬುದು ಸ್ಪಷ್ಟ. ಕ್ರೂಸ್‌ನಲ್ಲಿ ಹಾಗಲ್ಲ. ಒಂದೇ ಹಡಗು ಒಂದು ವಾರದಲ್ಲಿ ನಾಲ್ಕು ದೇಶ ಮುಟ್ಟುತ್ತದೆ, ನಿಯಮವೂ ಬಂದರಿಗೊಂದು.

ಕೋವಿಡ್ ಷರತ್ತು ಬಂದದ್ದು, ಹೋದದ್ದು

2020ರ ಫೆಬ್ರುವರಿಯಲ್ಲಿ ಜಪಾನಿನ ಯೊಕೊಹಾಮಾದಲ್ಲಿ ‘ಡೈಮಂಡ್ ಪ್ರಿನ್ಸೆಸ್’ ಹಡಗನ್ನು ಕ್ವಾರಂಟೈನ್ ಮಾಡಿದಾಗ ಅದರಲ್ಲಿ 3,711 ಜನರಿದ್ದರು. ಏಳುನೂರಕ್ಕೂ ಹೆಚ್ಚು ಮಂದಿಗೆ ಸೋಂಕು ತಗುಲಿತು. ಮುಂದಿನ ತಿಂಗಳು ಸಿಡ್ನಿಯಲ್ಲಿ ‘ರೂಬಿ ಪ್ರಿನ್ಸೆಸ್’ನಿಂದ ಸುಮಾರು 2,700 ಪ್ರಯಾಣಿಕರು ಇಳಿದು ಹೋದ ಮೇಲೆ ಅವರಲ್ಲಿ ಅನೇಕರಿಗೆ ಸೋಂಕು ಇದ್ದುದು ಗೊತ್ತಾಯಿತು. ಅದೇ ಮಾರ್ಚ್ 14ರಂದು ಅಮೆರಿಕದ ರೋಗ ನಿಯಂತ್ರಣ ಸಂಸ್ಥೆಯಾದ ಸಿಡಿಸಿ ಅಲ್ಲಿನ ಕ್ರೂಸ್ ಹಡಗುಗಳನ್ನೆಲ್ಲ ನಿಲ್ಲಿಸಿತು.

ನಿಂತ ಉದ್ಯಮ ಮತ್ತೆ ಏಳಲು 2021ರಲ್ಲಿ ಹಿಡಿದ ದಾರಿಯೇ ಲಸಿಕೆ. ಆಗ ವಾದ ಸರಳವಾಗಿತ್ತು: ಹಡಗಿನಲ್ಲಿ ಆಸ್ಪತ್ರೆ ಎಂದರೆ ಕೆಲವೇ ಹಾಸಿಗೆ, ಪ್ರಯಾಣಿಕರಲ್ಲಿ ವಯಸ್ಸಾದವರು ಜಾಸ್ತಿ, ಆದ್ದರಿಂದ ತೀವ್ರ ಕಾಯಿಲೆ ಆಗದಂತೆ ನೋಡಿಕೊಂಡವರಷ್ಟೇ ಹತ್ತಲಿ. ಇದಕ್ಕೆ ಎದುರಾಗಿ ಫ್ಲೋರಿಡಾ ರಾಜ್ಯ, ಗ್ರಾಹಕರಿಂದ ಲಸಿಕೆಯ ದಾಖಲೆ ಕೇಳುವುದನ್ನೇ ಕಾನೂನಿನಿಂದ ನಿಷೇಧಿಸಿತು. ನಾರ್ವೇಜಿಯನ್ ಕ್ರೂಸ್ ಲೈನ್ ಕೋರ್ಟಿಗೆ ಹೋಗಿ 2021ರ ಆಗಸ್ಟ್‌ನಲ್ಲಿ ತಡೆಯಾಜ್ಞೆ ತಂದಿತು. 2022ರ ಅಕ್ಟೋಬರ್‌ನಲ್ಲಿ ಮೇಲಿನ ಕೋರ್ಟ್ ಅದನ್ನು ತೆಗೆದುಹಾಕಿತು. ತಮಾಷೆಯೆಂದರೆ, ಅಷ್ಟು ಹೊತ್ತಿಗೆ ಕಂಪನಿಗಳೇ ಷರತ್ತು ಕೈಬಿಡಲು ಶುರುಮಾಡಿದ್ದವು. ಗೆದ್ದ ರಾಜ್ಯಕ್ಕೆ ತಡೆಯಲು ಹೆಚ್ಚೇನೂ ಉಳಿದಿರಲಿಲ್ಲ.

ಕೈಬಿಟ್ಟದ್ದು ಯಾಕೆ? ಒಮೈಕ್ರಾನ್ ಬಂದ ಮೇಲೆ ಲಸಿಕೆ ತೀವ್ರತೆಯನ್ನು ತಗ್ಗಿಸಿತೇ ಹೊರತು ಹರಡುವುದನ್ನು ಮೊದಲಿನಷ್ಟು ತಡೆಯಲಿಲ್ಲ. ‘ಎಲ್ಲರೂ ಹಾಕಿಸಿಕೊಂಡರೆ ಹಡಗಿಗೇ ರೋಗ ಬಾರದು’ ಎಂಬ ಆಧಾರ ಸಡಿಲವಾಯಿತು. ಸಿಡಿಸಿ 2022ರ ಜುಲೈನಲ್ಲಿ ತನ್ನ ಕ್ರೂಸ್ ಕೋವಿಡ್ ಕಾರ್ಯಕ್ರಮವನ್ನು ಮುಗಿಸಿತು. ಸೆಪ್ಟೆಂಬರ್ ನಂತರ ದೊಡ್ಡ ಕಂಪನಿಗಳು ಒಂದರ ಹಿಂದೊಂದು ಷರತ್ತು ತೆಗೆದವು. ಭಾರತವೂ ಅದೇ ನವೆಂಬರ್‌ನಲ್ಲಿ ವಿದೇಶದಿಂದ ಬರುವವರು ತುಂಬಬೇಕಿದ್ದ ‘ಏರ್ ಸುವಿಧಾ’ ಕೋವಿಡ್ ಅರ್ಜಿಯನ್ನು ನಿಲ್ಲಿಸಿತು. ಹೀಗಾಗಿ ‘ಕೋವಿಡ್ ಸರ್ಟಿಫಿಕೇಟ್ ಬೇಡ’ ಎಂಬ ಮಾತು ಇಂದು ಬಹುತೇಕ ಸರಿ. ಅದನ್ನು ಹಿಗ್ಗಿಸಿ ‘ಯಾವ ಲಸಿಕೆಯೂ ಬೇಡ’ ಎನ್ನುವಲ್ಲಿ ದಾರಿ ತಪ್ಪುತ್ತದೆ.

ಹಕ್ಕಿನ ವಾದ, ಹೆದರಿಕೆಯ ವಾದ

ಲಸಿಕೆ ಬೇಡ ಎನ್ನುವವರಲ್ಲಿ ಎರಡು ಬಗೆ. ಒಬ್ಬರದು ಹಕ್ಕಿನ ವಾದ. 2022ರ ಮೇ 2ರಂದು ಸುಪ್ರೀಂ ಕೋರ್ಟ್, ಯಾರಿಗೂ ಬಲವಂತವಾಗಿ ಲಸಿಕೆ ಹಾಕುವಂತಿಲ್ಲ, ನಿರ್ಬಂಧ ಹೇರಿದರೂ ಅದು ಅಪಾಯದ ಪ್ರಮಾಣಕ್ಕೆ ತಕ್ಕಂತಿರಬೇಕು ಎಂದಿದ್ದನ್ನು ಇವರು ತೋರಿಸುತ್ತಾರೆ. ತೀರ್ಪು ನಿಜ. ಆದರೆ ಅದು ನಮ್ಮ ಸರ್ಕಾರಗಳನ್ನು ಕಟ್ಟಿಹಾಕುತ್ತದೆ. ಬಹಾಮಾಸ್ ಅಥವಾ ಪನಾಮಾ ಬಾವುಟ ಹಾರಿಸುವ ವಿದೇಶಿ ಹಡಗಿನ ಬಾಗಿಲಲ್ಲಿ ನಿಂತು ಅದನ್ನು ಓದಿ ಹೇಳಿದರೆ ಪ್ರಯೋಜನವಿಲ್ಲ.

ಇನ್ನೊಬ್ಬರದು ಹೆದರಿಕೆ. 2025ರ ಜೂನ್–ಜುಲೈನಲ್ಲಿ ಹಾಸನ ಜಿಲ್ಲೆಯ ಹಠಾತ್ ಹೃದಯಾಘಾತಗಳ ಸುದ್ದಿ ರಾಜ್ಯವನ್ನೇ ನಡುಗಿಸಿತು. ಲಸಿಕೆಗೆ ಅವಸರದಲ್ಲಿ ಅನುಮೋದನೆ ಕೊಟ್ಟದ್ದೂ ಕಾರಣವಿರಬಹುದು ಎಂದು ಮುಖ್ಯಮಂತ್ರಿ ಸಿದ್ದರಾಮಯ್ಯ ಹೇಳಿದರು. ಸಂಬಂಧವಿಲ್ಲ ಎಂದು ಕೇಂದ್ರ ಆರೋಗ್ಯ ಸಚಿವಾಲಯ ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯ (ಐಸಿಎಂಆರ್) ಅಧ್ಯಯನ ಮುಂದಿಟ್ಟು ಉತ್ತರಿಸಿತು. 2023ರ ಮೇಯಿಂದ ಆಗಸ್ಟ್‌ವರೆಗೆ 19 ರಾಜ್ಯಗಳ 47 ಆಸ್ಪತ್ರೆಗಳಲ್ಲಿ ನಡೆದ ಅಧ್ಯಯನವದು. ಜಯದೇವ ಸಂಸ್ಥೆಯ ಡಾ. ಕೆ.ಎಸ್. ರವೀಂದ್ರನಾಥ್ ನೇತೃತ್ವದಲ್ಲಿ ರಾಜ್ಯವೇ ನೇಮಿಸಿದ್ದ ಸಮಿತಿ ಕೂಡ ಲಸಿಕೆಯತ್ತ ಬೆರಳು ತೋರಲಿಲ್ಲ. ಆದರೂ ಮಾತು ಸಾಯುವುದಿಲ್ಲ, ಅದಕ್ಕೊಂದು ಲೆಕ್ಕಾಚಾರದ ಕಾರಣವಿದೆ. ವಯಸ್ಕರಲ್ಲಿ ಬಹುತೇಕ ಎಲ್ಲರಿಗೂ ಲಸಿಕೆ ಆಗಿರುವ ಊರಿನಲ್ಲಿ ಯಾರೇ ತೀರಿಕೊಂಡರೂ ಅವರು ‘ಲಸಿಕೆ ಹಾಕಿಸಿಕೊಂಡವರೇ’ ಆಗಿರುತ್ತಾರೆ. ಊರಿನವರೆಲ್ಲ ಜೋಳದ ರೊಟ್ಟಿ ತಿನ್ನುವಲ್ಲಿ, ಸತ್ತವರೆಲ್ಲ ಜೋಳದ ರೊಟ್ಟಿ ತಿಂದವರೇ ಎಂದ ಹಾಗೆ.

ಇದಕ್ಕಿಂತ ಮುಖ್ಯ ಸಂಗತಿ: ಕ್ರೂಸ್‌ಗೆ ಈಗ ಚರ್ಚೆಗೆ ಬರುವ ಹಳದಿ ಜ್ವರ, ಫ್ಲೂ ಲಸಿಕೆಗಳು ಕೋವಿಡ್‌ಗಿಂತ ದಶಕಗಳಷ್ಟು ಹಳೆಯವು. ಕೋವಿಡ್ ಲಸಿಕೆಯ ಮೇಲಿನ ಸಿಟ್ಟನ್ನು ಅವುಗಳ ಮೇಲೆ ಹಾಕುವುದರಲ್ಲಿ ಅರ್ಥವಿಲ್ಲ.

ಸುದ್ದಿಯಲ್ಲಿರುವ ಕಾಯಿಲೆಗೆ ಲಸಿಕೆಯೇ ಇಲ್ಲ

ಹಡಗಿನ ವಾಂತಿ–ಭೇದಿಯ ಹಿಂದೆ ಸಾಮಾನ್ಯವಾಗಿ ಇರುವುದು ನೊರೊವೈರಸ್. ಇದಕ್ಕೆ ಲಸಿಕೆಗಳು ಪ್ರಯೋಗದ ಹಂತದಲ್ಲಿವೆ, ಮಾರುಕಟ್ಟೆಯಲ್ಲಿ ಇಲ್ಲ. ಆದ್ದರಿಂದ ಈ ಸುದ್ದಿ ನೋಡಿ ‘ಯಾವ ಇಂಜೆಕ್ಷನ್ ಮಾಡಿಸಲಿ’ ಎಂದು ಓಡುವುದು ವ್ಯರ್ಥ.

ಸುದ್ದಿ ಪದೇ ಪದೇ ಬರುವುದಕ್ಕೂ ಕಾರಣವಿದೆ. ಅಮೆರಿಕದ ಬಂದರು ಮುಟ್ಟುವ, 100 ಅಥವಾ ಹೆಚ್ಚು ಪ್ರಯಾಣಿಕರ, 3ರಿಂದ 21 ದಿನದ ಯಾನಗಳಲ್ಲಿ ಹೊಟ್ಟೆಯ ಕಾಯಿಲೆ ಶೇ 3 ಮುಟ್ಟಿದರೆ ಸಿಡಿಸಿ ಅದನ್ನು ಹಡಗಿನ ಹೆಸರು ಸಮೇತ ಪ್ರಕಟಿಸುತ್ತದೆ. ಮೂರು ಸಾವಿರ ಜನರ ಹಡಗಿನಲ್ಲಿ ತೊಂಬತ್ತು ಮಂದಿಗೆ ಭೇದಿಯಾದರೆ ಸಾಕು, ಜಗತ್ತಿಗೆಲ್ಲ ಸುದ್ದಿ. ಮದುವೆ ಊಟದಲ್ಲಿ ತೊಂಬತ್ತು ಜನಕ್ಕೆ ಹೊಟ್ಟೆ ಕೆಟ್ಟರೆ ಜಿಲ್ಲಾ ಪುಟದಲ್ಲಿ ನಾಲ್ಕು ಸಾಲು. ಅಮೆರಿಕದಲ್ಲಿ ವರದಿಯಾಗುವ ನೊರೊವೈರಸ್ ಹಬ್ಬುವಿಕೆಗಳಲ್ಲಿ ಕ್ರೂಸ್‌ಗಳ ಪಾಲು ಶೇ 1ರಷ್ಟು ಮಾತ್ರ.

ನಮ್ಮ ಭಾಗದವರಿಗೆ ಇಲ್ಲೊಂದು ತಪ್ಪು ಅಂದಾಜು ಸಹಜ. ರಾಯಚೂರು ನಗರದಲ್ಲಿ 2022ರ ಮೇ–ಜೂನ್‌ನಲ್ಲಿ ಕಲುಷಿತ ನಲ್ಲಿ ನೀರಿನಿಂದ ಸಾವುಗಳಾದ ನೆನಪು ಇನ್ನೂ ಮಾಸಿಲ್ಲ. ಭೇದಿ ಎಂದರೆ ನೀರು ಎಂಬುದು ನಮಗೆ ಪಾಠವಾಗಿ ಕೂತಿದೆ. ಹಡಗಿನಲ್ಲಿ ನೀರಿಗೆ ಕ್ಲೋರಿನ್ ಬೆರೆಸಿ ಪರೀಕ್ಷಿಸುತ್ತಾರೆ, ಅದು ಬಹುತೇಕ ಸುರಕ್ಷಿತ. ರೋಗ ಸಾಗುವುದು ಕೈಯಿಂದ ಕೈಗೆ: ಬಫೆಯ ಸೌಟು, ಮೆಟ್ಟಿಲ ಹಿಡಿ, ಲಿಫ್ಟಿನ ಗುಂಡಿ. ಬಾಟಲಿ ನೀರನ್ನೇ ಕುಡಿದು, ಅದೇ ಸೌಟು ಹಿಡಿದ ಕೈಯಲ್ಲಿ ಊಟ ಮಾಡಿದರೆ ರಕ್ಷಣೆ ಇಲ್ಲ.

ಜೇಬಿನ ಸ್ಯಾನಿಟೈಸರ್ ಕೂಡ ಇದಕ್ಕೆ ನಂಬಿಕಸ್ಥ ಅಲ್ಲ. ಈ ವೈರಸ್ಸಿಗೆ ಕೋವಿಡ್ ವೈರಸ್ಸಿನ ಹಾಗೆ ಕೊಬ್ಬಿನ ಹೊದಿಕೆ ಇಲ್ಲ, ಆಲ್ಕೊಹಾಲ್ ಕರಗಿಸುವುದು ಆ ಹೊದಿಕೆಯನ್ನೇ. ಸೋಪು ಹಚ್ಚಿ 20 ಸೆಕೆಂಡ್ ಉಜ್ಜಿ ತೊಳೆದರೆ ವೈರಸ್ ಸಾಯದಿದ್ದರೂ ಕೈಬಿಟ್ಟು ಹರಿದುಹೋಗುತ್ತದೆ. ತಗುಲಿದ 12ರಿಂದ 48 ಗಂಟೆಯೊಳಗೆ ಲಕ್ಷಣ ಶುರು. ವೈದ್ಯರಿಗೆ ತಿಳಿಸಿದರೆ ಕ್ಯಾಬಿನ್‌ನಲ್ಲೇ ಇರಲು ಹೇಳುತ್ತಾರೆ, ಕಾಸು ಕೊಟ್ಟ ಪ್ರವಾಸದ ಎರಡು–ಮೂರು ದಿನ ಹೋಯಿತು. ಅದಕ್ಕೆ ಹೆದರಿ ಜನ ಮುಚ್ಚಿಡುತ್ತಾರೆ. ಮುಚ್ಚಿಟ್ಟವರು ಮತ್ತೆ ಬಫೆಗೆ ಬರುತ್ತಾರೆ. ಶೇ 3 ಮುಟ್ಟುವುದು ಹೀಗೆ.

ಹಳದಿ ಜ್ವರ: ಕಂಪನಿ ಕೇಳದ, ಭಾರತ ಕೇಳುವ ಕಾಗದ

ಈ ಇಡೀ ವಿಷಯದಲ್ಲಿ ಜನ ನಿಜವಾಗಿ ಸಿಕ್ಕಿಬೀಳುವ ಜಾಗ ಇದು. ಹಳದಿ ಜ್ವರ ಆಫ್ರಿಕಾ, ಮಧ್ಯ–ದಕ್ಷಿಣ ಅಮೆರಿಕದ ನಲವತ್ತರಷ್ಟು ದೇಶಗಳಲ್ಲಿದೆ, ಭಾರತದಲ್ಲಿಲ್ಲ. ಆದರೆ ಅದನ್ನು ಹರಡುವ ಈಡಿಸ್ ಸೊಳ್ಳೆ ಇಲ್ಲಿ ಧಾರಾಳ. ನಮಗೆ ಡೆಂಗಿ, ಚಿಕೂನ್‌ಗುನ್ಯ ತಂದದ್ದು ಅದೇ ಸೊಳ್ಳೆ. ಒಬ್ಬ ಸೋಂಕಿತ ಬಂದಿಳಿದರೆ ಸೊಳ್ಳೆ ಸಿದ್ಧವಾಗಿದೆ, ಜನರ ಮೈಯಲ್ಲಿ ರೋಗನಿರೋಧಕ ಶಕ್ತಿ ಇಲ್ಲ. ಆದ್ದರಿಂದಲೇ ಭಾರತದ ನಿಯಮ ಕಟ್ಟುನಿಟ್ಟು: ಆ ದೇಶಗಳನ್ನು ಬಿಟ್ಟ 6 ದಿನದೊಳಗೆ ಇಲ್ಲಿಗೆ ಬಂದವರ ಬಳಿ ಲಸಿಕೆಯ ಪ್ರಮಾಣಪತ್ರ ಇಲ್ಲದಿದ್ದರೆ 6 ದಿನದವರೆಗೆ ಕ್ವಾರಂಟೈನ್. ಆರು ಯಾಕೆಂದರೆ, ಸೊಳ್ಳೆ ಕಚ್ಚಿದ ಮೇಲೆ ರೋಗ ಕಾಣಿಸಿಕೊಳ್ಳಲು 3ರಿಂದ 6 ದಿನ ಬೇಕು. ಹಡಗಿನಲ್ಲೇ ಭಾರತಕ್ಕೆ ಬರುವವರಿಗೆ ನಿಯಮ ಇನ್ನೂ ಹಿಂದಕ್ಕೆ ಹೋಗುತ್ತದೆ: ಹಿಂದಿನ 30 ದಿನದಲ್ಲಿ ಆ ಹಡಗು ಅಂಥ ಬಂದರು ಮುಟ್ಟಿದ್ದು, ಸೊಳ್ಳೆನಾಶಕ ಸಿಂಪಡಣೆ ಕ್ರಮಬದ್ಧವಾಗಿ ಆಗಿರದಿದ್ದರೆ ಪ್ರಯಾಣಿಕರೂ ಲೆಕ್ಕಕ್ಕೆ ಬರುತ್ತಾರೆ.

ಈಗ ಮಯಾಮಿಯಿಂದ ಹೊರಡುವ ಕೆರಿಬಿಯನ್ ಕ್ರೂಸ್ ನೋಡಿ. ಕೆಲವು ಮಾರ್ಗಗಳು ಕೊಲಂಬಿಯಾದ ಕಾರ್ತಹೇನಾ, ಪನಾಮಾದ ಕೊಲೋನ್ ಮುಟ್ಟಿ ಬರುತ್ತವೆ. ಎರಡೂ ದೇಶ ಹಳದಿ ಜ್ವರದ ಪಟ್ಟಿಯಲ್ಲಿವೆ. ಆದರೆ ಅಮೆರಿಕ ತನ್ನೊಳಗೆ ಬರುವ ಯಾರಿಂದಲೂ ಹಳದಿ ಜ್ವರದ ಕಾಗದ ಕೇಳುವುದಿಲ್ಲ. ಅಮೆರಿಕನ್ನರಿಗಾಗಿ ಬರೆದ ಕಂಪನಿಯ ಸೂಚನೆಯಲ್ಲಿ ‘ಲಸಿಕೆ ಬೇಕಿಲ್ಲ’ ಎಂದಿದ್ದರೆ ಅದು ಸುಳ್ಳಲ್ಲ, ನಮಗೆ ಸಾಲದು ಅಷ್ಟೇ. ಕ್ರೂಸ್ ಮುಗಿಸಿ ಮಗನ ಮನೆಯಲ್ಲಿ ತಿಂಗಳು ಇದ್ದು ಬಂದರೆ ಆರು ದಿನದ ಲೆಕ್ಕ ಕಳೆದುಹೋಗಿರುತ್ತದೆ. ಹಡಗು ಇಳಿದ ಎರಡನೇ ದಿನವೇ ವಿಮಾನ ಹತ್ತಿದರೆ ಬೆಂಗಳೂರಿನಲ್ಲೋ ಹೈದರಾಬಾದಿನಲ್ಲೋ ಆ ಕಾಗದ ಕೇಳಬಹುದು.

ಹಾಗಾದರೆ ಎಲ್ಲರೂ ಹಾಕಿಸಿಬಿಡಲಿ ಎನ್ನುವಂತೆಯೂ ಇಲ್ಲ. ಇದು ಜೀವಂತ ವೈರಸ್ಸಿನ ಲಸಿಕೆ. ಒಂಬತ್ತು ತಿಂಗಳೊಳಗಿನ ಕೂಸುಗಳಿಗೆ, ಮೊಟ್ಟೆಯ ತೀವ್ರ ಅಲರ್ಜಿ ಇರುವವರಿಗೆ, ಕೀಮೊ ಅಥವಾ ರೋಗನಿರೋಧಕ ಶಕ್ತಿ ತಗ್ಗಿಸುವ ಮಾತ್ರೆಯಲ್ಲಿರುವವರಿಗೆ ಕೊಡುವುದಿಲ್ಲ; ಗರ್ಭಿಣಿಯರಿಗೂ ಸಾಮಾನ್ಯವಾಗಿ ಬೇಡ. ಅರವತ್ತು ದಾಟಿದವರಲ್ಲಿ ಮೊದಲ ಡೋಸ್‌ನಿಂದ ಗಂಭೀರ ಅಡ್ಡಪರಿಣಾಮ ಅಪರೂಪವೇ, ಆದರೂ ಕಿರಿಯರಿಗಿಂತ ಜಾಸ್ತಿ. ಮಕ್ಕಳ ಕರೆಯ ಮೇಲೆ ಕ್ರೂಸ್‌ಗೆ ಹೊರಡುವವರು ಬಹುತೇಕ ಇದೇ ವಯಸ್ಸಿನವರು. ಬಂದರಿನಲ್ಲಿ ನಾಲ್ಕು ಗಂಟೆ ಇಳಿದು ಬರುವವರಿಗೆ ರೋಗದ ಅಪಾಯ ಕಡಿಮೆ, ಕಾಗದದ ಅಪಾಯ ಹೆಚ್ಚು. ಅಂಥವರಿಗೆ ಪನಾಮಾ–ಕೊಲಂಬಿಯಾ ಇಲ್ಲದ ಮಾರ್ಗ ಆರಿಸುವುದು, ಇಲ್ಲವೇ ವಾಪಸಾತಿಯನ್ನು ಒಂದು ವಾರ ಮುಂದೂಡುವುದು ಇಂಜೆಕ್ಷನ್‌ಗಿಂತ ಜಾಣತನ. ವೈದ್ಯರಿಂದ ವಿನಾಯಿತಿ ಪತ್ರ ತರಬಹುದು, ಆದರೆ ಅದನ್ನು ಒಪ್ಪುವುದು ಬಿಡುವುದು ಇಳಿಯುವ ನಿಲ್ದಾಣದ ಆರೋಗ್ಯಾಧಿಕಾರಿಯ ವಿವೇಚನೆ.

ಹಾಕಿಸುವವರಿಗೆ ಲೆಕ್ಕ ಹೀಗೆ. ಈ ಲಸಿಕೆ ಓಣಿಯ ಕ್ಲಿನಿಕ್ಕಿನಲ್ಲಿ ಸಿಗದು. ಸರ್ಕಾರ ಗುರುತಿಸಿದ ಕೇಂದ್ರದಲ್ಲಿ ಹಾಕಿಸಿದರಷ್ಟೇ ಪ್ರಮಾಣಪತ್ರಕ್ಕೆ ಬೆಲೆ. ರಾಯಚೂರಿನವರಿಗೆ ಬೆಂಗಳೂರಿಗಿಂತ ಹೈದರಾಬಾದ್ ಹತ್ತಿರ, ಅಲ್ಲಿನ ನಾರಾಯಣಗುಡದ ಇನ್‌ಸ್ಟಿಟ್ಯೂಟ್ ಆಫ್ ಪ್ರಿವೆಂಟಿವ್ ಮೆಡಿಸಿನ್‌ನಲ್ಲಿ ಹಾಕುತ್ತಾರೆ. ಒಂದು ವಯಲ್‌ನಲ್ಲಿ ಹಲವು ಡೋಸ್ ಇರುತ್ತವೆ, ದ್ರಾವಣ ಬೆರೆಸಿದ ಮೇಲೆ ಆರು ಗಂಟೆಯೊಳಗೆ ಮುಗಿಸಬೇಕು. ಹಾಗಾಗಿ ಕೇಂದ್ರಗಳು ಜನರನ್ನು ಸೇರಿಸಿ ಗೊತ್ತಾದ ದಿನಗಳಲ್ಲೇ ಹಾಕುತ್ತವೆ. ಫೋನ್ ಮಾಡದೆ ರಾತ್ರಿ ರೈಲು ಹಿಡಿದು ಹೋದವರು ಬರಿಗೈಲಿ ಬರುವುದು ಇದರಿಂದಲೇ.

ಹಾಕಿಸಿದ 10 ದಿನದ ನಂತರವಷ್ಟೇ ಪತ್ರ ಊರ್ಜಿತ: 1ನೇ ತಾರೀಖು ಹಾಕಿಸಿದರೆ 11ರಿಂದ. 2016ರ ಜುಲೈ 11ರಿಂದ ಅದು ಜೀವನಪರ್ಯಂತ. ಹಳೆಯ ಪತ್ರದಲ್ಲಿ ‘10 ವರ್ಷ’ ಎಂದು ಬರೆದಿದ್ದರೂ ನಡೆಯುತ್ತದೆ. ಕೌಂಟರ್ ಬಿಡುವ ಮೊದಲು ನಾಲ್ಕು ಸಂಗತಿ ನೋಡಿ: ಹೆಸರು ಪಾಸ್‌ಪೋರ್ಟಿನಲ್ಲಿ ಇರುವಂತೆಯೇ ಇದೆಯೇ, ಬ್ಯಾಚ್ ನಂಬರ್ ಬರೆದಿದ್ದಾರೆಯೇ, ವೈದ್ಯರ ಸಹಿ ಇದೆಯೇ, ಕೇಂದ್ರದ ಅಧಿಕೃತ ಮುದ್ರೆ ಬಿದ್ದಿದೆಯೇ. ಆಧಾರ್‌ನಲ್ಲಿ ತಂದೆಯ ಹೆಸರು ಕೊನೆಗೆ, ಪಾಸ್‌ಪೋರ್ಟ್‌ನಲ್ಲಿ ಮನೆತನದ ಹೆಸರು ಮೊದಲಿಗೆ ಇರುವವರು ಈ ಭಾಗದಲ್ಲಿ ಕಡಿಮೆಯಿಲ್ಲ.

ಫ್ಲೂ: ಯಾರೂ ಕೇಳದ, ಆದರೂ ಕೆಲಸಕ್ಕೆ ಬರುವ ಸೂಜಿ

ಹಡಗಿನಲ್ಲಿ ಉತ್ತರ ಗೋಲಾರ್ಧದವರೂ ದಕ್ಷಿಣದವರೂ ಒಂದೇ ಏಸಿ ಹಾಲಿನಲ್ಲಿ ಕೂರುತ್ತಾರೆ. ಒಬ್ಬರ ಊರಿನಲ್ಲಿ ಬೇಸಿಗೆ, ಇನ್ನೊಬ್ಬರ ಊರಿನಲ್ಲಿ ಫ್ಲೂ ಕಾಲ. ಆದ್ದರಿಂದ ಹಡಗಿಗೆ ಫ್ಲೂ ಬರಲು ಋತು ಬೇಕಿಲ್ಲ. ಅರವತ್ತು ದಾಟಿದ, ಸಕ್ಕರೆ ಕಾಯಿಲೆ, ಆಸ್ತಮಾ, ಹೃದಯದ ತೊಂದರೆ ಇರುವವರಿಗೆ ಮಗಳ ಹಟ ಸರಿಯಾದದ್ದು.

ರಕ್ಷಣೆ ಕೂಡಲು ಎರಡು ವಾರ ಬೇಕು, ಹೊರಡುವ ಹಿಂದಿನ ದಿನ ಹಾಕಿಸಿದರೆ ಕಾಸು ದಂಡ. ಪ್ರತಿ ವರ್ಷ ತಳಿ ಬದಲಾಗುವುದರಿಂದ ಹೊಸ ಋತುವಿನ ಲಸಿಕೆಯನ್ನೇ ಕೇಳಬೇಕು. ಇನ್ನೊಂದು ಸಂಗತಿ ನಮ್ಮ ಬಿಸಿಲಿನದು. ಈ ಲಸಿಕೆ 2ರಿಂದ 8 ಡಿಗ್ರಿಯಲ್ಲಿ ಇರಬೇಕು. ಏಪ್ರಿಲ್–ಮೇ ತಿಂಗಳಲ್ಲಿ ಬಳ್ಳಾರಿ, ರಾಯಚೂರಿನಲ್ಲಿ 40 ಡಿಗ್ರಿ ದಾಟಿದಾಗ ಮೆಡಿಕಲ್ ಶಾಪಿನಲ್ಲಿ ಕೊಂಡು, ಜೇಬಿನಲ್ಲಿಟ್ಟು, ಡಾಕ್ಟರ ಬಳಿ ಎರಡು ಗಂಟೆ ಪಾಳಿ ಕೂತರೆ ಒಳಗಿನ ಮದ್ದು ಕೆಡಬಹುದು. ಬಣ್ಣ ಬದಲಾಗದ ಕಾರಣ ನೋಡಿದರೆ ಗೊತ್ತಾಗುವುದಿಲ್ಲ. ಮನೆಯಲ್ಲಿ ಫ್ರೀಜರಿಗೆ ಹಾಕಿದರೂ ಕೆಡುತ್ತದೆ. ಲಸಿಕೆ ಇಟ್ಟಿರುವ ಫ್ರಿಜ್‌ಗೆ ಕರೆಂಟ್ ಬ್ಯಾಕಪ್ ಇರುವ ಆಸ್ಪತ್ರೆಯಲ್ಲೇ ತೆಗೆಸಿ ಅಲ್ಲೇ ಹಾಕಿಸಿಕೊಳ್ಳುವುದು ಲೇಸು.

ಬಿಳಿಯರ ಪಟ್ಟಿ ನಮಗೆ ಹೊಂದದು

ಸಿಂಗಪುರ–ಮಲೇಷ್ಯಾ ಕ್ರೂಸ್‌ಗೆ ಏನು ಬೇಕೆಂದು ಹುಡುಕಿದರೆ ಹೆಪಟೈಟಿಸ್ ಎ, ಟೈಫಾಯಿಡ್, ಜಪಾನೀಸ್ ಮೆದುಳು ಜ್ವರ ಎಂದು ಉದ್ದದ ಪಟ್ಟಿ ಬರುತ್ತದೆ. ಅದು ಲಂಡನ್ನಿಂದಲೋ ನ್ಯೂಯಾರ್ಕಿನಿಂದಲೋ ಹೊರಡುವವರಿಗೆ ಬರೆದದ್ದು. ಬಳ್ಳಾರಿ, ರಾಯಚೂರು, ಕೊಪ್ಪಳ ಮೂರೂ ಜಪಾನೀಸ್ ಮೆದುಳು ಜ್ವರ ಇರುವ ಜಿಲ್ಲೆಗಳೇ. ತುಂಗಭದ್ರಾ ಕಾಲುವೆಯ ಭತ್ತದ ಗದ್ದೆಯಲ್ಲಿ ನಿಂತ ನೀರು ಆ ಸೊಳ್ಳೆಯ ತವರು. ಗಂಗಾವತಿಯವರು ಸಿಂಗಪುರದ ಮಾಲ್‌ಗಳಿಗೆ ಹೋಗಿ ಆ ರೋಗಕ್ಕೆ ಹೆದರುವುದು ಉಲ್ಟಾ ಲೆಕ್ಕ. ಹೆಪಟೈಟಿಸ್ ಎ ನಮ್ಮ ಹಿರಿಯರಲ್ಲಿ ಬಹುತೇಕರಿಗೆ ಚಿಕ್ಕಂದಿನಲ್ಲೇ ಗೊತ್ತಿಲ್ಲದಂತೆ ಬಂದುಹೋಗಿರುತ್ತದೆ. ಟೈಫಾಯಿಡ್ ಲಸಿಕೆ ಒಳ್ಳೆಯದೇ, ಆದರೆ ಅದು ಊರಿಗೆ ಬೇಕಾದದ್ದು, ಹಡಗಿಗಲ್ಲ.

ದಡಾರ ಮಾತ್ರ ಬೇರೆ. ಈ ಕಡೆ ಗೊಬ್ಬರ ಎಂದೂ ಕರೆಯುವ ಈ ರೋಗ ಗಾಳಿಯಲ್ಲಿ ಹರಡುವ ವೇಗಕ್ಕೆ ಹಡಗು ಹೇಳಿ ಮಾಡಿಸಿದ ಜಾಗ. 2019ರಲ್ಲಿ ಕೆರಿಬಿಯನ್‌ನ ಸೇಂಟ್ ಲೂಸಿಯಾದಲ್ಲಿ ಒಂದೇ ಒಂದು ದಡಾರ ಪ್ರಕರಣಕ್ಕೆ ಇಡೀ ಹಡಗಿನವರನ್ನು ದಡಕ್ಕೆ ಬಿಡಲಿಲ್ಲ. ಮಕ್ಕಳ ತಾಯಿ ಕಾರ್ಡು ತೆಗೆದು ಎರಡೂ ಡೋಸ್ ಆಗಿದೆಯೇ ನೋಡಿಕೊಳ್ಳಿ. ಆಗಿರದಿದ್ದು, ಮಗುವಿಗೆ ಹಳದಿ ಜ್ವರದ ಲಸಿಕೆಯೂ ಬೇಕಿದ್ದರೆ ಎರಡರ ನಡುವೆ ನಾಲ್ಕು ವಾರ ಅಂತರವಿಡುವುದು ವಾಡಿಕೆ. ಎರಡೂ ಜೀವಂತ ಲಸಿಕೆಗಳು; ಬೆನ್ನುಬೆನ್ನಿಗೆ ಹಾಕಿದರೆ ಎರಡನೆಯದು ಸರಿಯಾಗಿ ನಾಟದೇ ಇರಬಹುದು.

ದಿನ ಎಣಿಸುವುದು ಹಿಂದಿನಿಂದ

ಮುಂಬೈನಿಂದ ಗೋವಾಕ್ಕೋ ಲಕ್ಷದ್ವೀಪಕ್ಕೋ ಹೋಗುವ ದೇಶೀ ಕ್ರೂಸ್ ಆದರೆ ಇಷ್ಟೆಲ್ಲ ತಲೆಬಿಸಿ ಇಲ್ಲ; ಕಾಗದ ಕೇಳುವವರಿಲ್ಲ, ಹಿರಿಯರಿಗೆ ಫ್ಲೂ ಒಂದು ಸಾಕು. ವಿದೇಶಿ ಯಾನವಾದರೆ ಟಿಕೆಟ್ ಮಾಡಿಸುವ ಮೊದಲೇ ಏಜೆಂಟರಿಂದ ಬಂದರುಗಳ ಪೂರ್ತಿ ಪಟ್ಟಿ ಬರಹದಲ್ಲಿ ಪಡೆಯಬೇಕು, ‘ಕೆರಿಬಿಯನ್ 7 ರಾತ್ರಿ’ ಎಂಬ ಹೆಸರಿನಿಂದ ಏನೂ ತಿಳಿಯದು. ಆ ಪಟ್ಟಿಯಲ್ಲಿ ಹಳದಿ ಜ್ವರದ ದೇಶವಿದ್ದರೆ, ಹೊರಡುವ ದಿನದಿಂದ ಹಿಂದಕ್ಕೆ 10 ದಿನ ಕಳೆಯಿರಿ. ಕೇಂದ್ರದ ಸರದಿಗೆಂದು ಎರಡು ವಾರ ಕಳೆಯಿರಿ. ಮಗುವಿಗೆ ಇನ್ನೊಂದು ಜೀವಂತ ಲಸಿಕೆಯೂ ಬೇಕಿದ್ದರೆ ಮತ್ತೆ ನಾಲ್ಕು ವಾರ. ಕೊಪ್ಪಳದಲ್ಲಿ ಕೂತು ಡಿಸೆಂಬರ್ ಕೊನೆಯ ವಾರದ ಹಡಗಿಗೆ ಸಿದ್ಧವಾಗುವ ಕುಟುಂಬಕ್ಕೆ ಕೆಲಸ ಶುರುವಾಗುವುದು ಅಕ್ಟೋಬರ್ ಕೊನೆಗೆ, ದೀಪಾವಳಿಯ ಆಸುಪಾಸಿನಲ್ಲಿ.

ವಿಮೆಯನ್ನೂ ಆಗಲೇ ನೋಡಿಕೊಳ್ಳಬೇಕು. ಊರಿನ ಆರೋಗ್ಯ ವಿಮೆ ಹಡಗಿನ ವೈದ್ಯರ ಬಿಲ್ ಸಾಮಾನ್ಯವಾಗಿ ಕೊಡುವುದಿಲ್ಲ, ಆ ಬಿಲ್ ಡಾಲರಿನಲ್ಲಿ ಬರುತ್ತದೆ. ಪ್ರವಾಸ ವಿಮೆಯ ಅರ್ಜಿಯಲ್ಲಿ ಬಿಪಿ, ಶುಗರ್ ಬರೆಯದೆ ಬಿಟ್ಟರೆ ಪ್ರೀಮಿಯಂ ಸ್ವಲ್ಪ ಉಳಿಯಬಹುದು, ಕ್ಲೇಮ್ ಪೂರ್ತಿ ಹೋಗುತ್ತದೆ. ‘ಕ್ಯಾಬಿನ್‌ನಲ್ಲಿ ಪ್ರತ್ಯೇಕವಾಗಿ ಇರಿಸಿದರೆ ಪರಿಹಾರವಿದೆಯೇ’ ಎಂಬುದನ್ನು ಸಹಿ ಹಾಕುವ ಮೊದಲು ಕೇಳಬೇಕು. ಬಹಳ ಪಾಲಿಸಿಗಳಲ್ಲಿ ಅದು ಇರುವುದಿಲ್ಲ.